ಕಾಲಿಡದ ಊರಿನಿಂದ ಓಡಿಹೋದವನು

ಅವರು ಬಂದಾಗ ನಮ್ಮೆಲ್ಲರ ಕೈಯಲ್ಲೂ ಚಾಕು ಇತ್ತು.

ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಚಾಕಿಲ್ಲದ ಕೈ ಇರುವುದಿಲ್ಲ. ಬೆಳಕು ಹರಿಯುವ ಮೊದಲೇ ಸಾಲಾಗಿ ನಿಂತಿರುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಕಟ್ಟೆ. ಎದುರಿಗೆ ಸಿಂಪಿಯ ರಾಶಿ, ಪಕ್ಕದಲ್ಲಿ ಡಬ್ಬ. ಎಡಗೈಯಲ್ಲಿ ಸಿಂಪಿ ಹಿಡಿದು, ಅದರ ಬಾಯಿ ಸೇರುವ ಕಡೆ ಚಾಕಿನ ತುದಿ ತೂರಿಸಿ, ಮಣಿಕಟ್ಟು ತಿರುವಿ, ಒಳಗಿನ ಮಾಂಸವನ್ನು ಕತ್ತರಿಸಿ ಡಬ್ಬಕ್ಕೆ ಹಾಕಬೇಕು. ಮತ್ತೊಂದು. ಮತ್ತೊಂದು. ಉಪ್ಪುನೀರು ಕೈಗವಸಿನೊಳಗೆ ಇಳಿದು ಬೆರಳ ಸಂದಿ ಬಿರಿಯುತ್ತದೆ. ಚಳಿಗಾಲದಲ್ಲಿ ಕೈ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ರಕ್ತ ಕಂಡಾಗ ಇದೆ ಎಂದು ಗೊತ್ತಾಗುತ್ತದೆ.

ನನ್ನ ಹೆಸರು ಒಥೀಲಿಯಾ. ನಮ್ಮ ದಕ್ಷಿಣದ ಕಡಲಂಚಿನ ಊರು ಬೇಯೂ ಟಾಲ್ಬಟ್‌ನಲ್ಲಿ ಎಲ್ಲರಿಗೂ ಮಿಸ್ ಥೀಲಿ. ನನ್ನ ಪಕ್ಕದ ಕಟ್ಟೆ ಓಡೆಲ್ ಬೆಟಿಸ್‌ನದು. ಆ ಸಾಲಿನಲ್ಲಿ ಅವನೊಬ್ಬನೇ ಗಂಡಸು. ಉಳಿದವರೆಲ್ಲ ಹೆಂಗಸರು. ಅವನು ಮೊದಲು ದೋಣಿಯವನು. ಎರಡಾಳು ಉದ್ದದ ಇಕ್ಕಳವನ್ನು ನೀರಿಗಿಳಿಸಿ, ತಳ ಕೆದಕಿ ಸಿಂಪಿ ಎತ್ತುತ್ತಿದ್ದವನು. ಅವನ ಭುಜಗಳು ಇನ್ನೂ ಅದನ್ನೇ ಹೇಳುತ್ತಿದ್ದವು. ಹಿಂದಿನ ವರ್ಷ ಸರ್ಕಾರದವರು ಅವನ ಲೈಸೆನ್ಸು ಕಿತ್ತುಕೊಂಡರು. ಮಗುವಿನ ಪೋಷಣೆಯ ಹಣ ಕಟ್ಟಿಲ್ಲ, ಆದ್ದರಿಂದ ಸಿಂಪಿ ಹಿಡಿಯುವಂತಿಲ್ಲ ಎಂದರು. ದುಡ್ಡು ಕೊಡು ಎಂದು ಹೇಳಿ ದುಡಿಯುವ ಕೈ ಕಟ್ಟಿದರು. ದೋಣಿ ಮಾರಿದ. ಬಂದು ನಮ್ಮ ಸಾಲಿನಲ್ಲಿ ನಿಂತ.

ಅವನ ಡಬ್ಬ ನಮ್ಮ ಡಬ್ಬದಷ್ಟು ಬೇಗ ತುಂಬುತ್ತಿರಲಿಲ್ಲ. ಏಳು ಗಂಟೆಗೆ ಮನೆಗೆ ಓಡಿ, ಮಗಳು ಕಿಯೋನಾಳ ಜಡೆ ಹೆಣೆದು, ಗಂಜಿ ಕುಡಿಸಿ, ಶಾಲೆಯ ಬಸ್ಸು ಹತ್ತಿಸಿ ಬರುತ್ತಿದ್ದ.

ಆ ದಿನವೂ ಹಾಗೇ ಬಂದು ಆಗಷ್ಟೇ ಕೈಗವಸು ಹಾಕಿಕೊಂಡಿದ್ದ. ಸಾಲಿನ ಕೊನೆಯಿಂದ ಮೋಜೆಲ್ ಕೂಗಿದಳು. ಅವಳಿಗೆ ಯಾರನ್ನಾದರೂ ಕೆಣಕದೆ ಬೆಳಗಾಗುವುದಿಲ್ಲ.

"ಏನೋ ಓಡೆಲ್, ಸಿಂಪಿ ಬಿಡಿಸ್ತಿದ್ದೀಯೋ, ಅದಕ್ಕೂ ಜಡೆ ಹಾಕ್ತಿದ್ದೀಯೋ?"

"ನಿಧಾನಕ್ಕೆ ಮಾಡಿದ್ರೆ ಮಾಂಸ ಹರಿಯಲ್ಲ, ಮಿಸ್ ಮೋಜೆಲ್."

"ನನ್ನ ಮೊದಲನೇ ಗಂಡಾನೂ ಹಿಂಗೇ ಅಂತಿದ್ದ. ಅದಕ್ಕೇ ಎರಡನೆಯವನು ಬಂದಿದ್ದು."

ಶೆಡ್ಡೆಲ್ಲ ನಕ್ಕಿತು. ಆ ನಗುವಿನ ನಡುವೆಯೇ ಬಾಗಿಲು ತೆರೆಯಿತು. ಇಬ್ಬರು ಪೊಲೀಸರು. ಕಿರಿಯವನು ಸಾಲಿನ ಕಡೆ ನೋಡಿದ. ಅಷ್ಟೊಂದು ಚಾಕು ಕಂಡು ಅವನ ಕೈ ಬಂದೂಕಿಗೆ ಹೋಯಿತು.

"ಚಾಕು ಕೆಳಗಿಡಿ! ಎಲ್ಲರೂ! ಈಗಲೇ!"

ಕೆಳಗಿಟ್ಟೆವು. ಕಬ್ಬಿಣದ ಕಟ್ಟೆಯ ಮೇಲೆ ಸಾಲಾಗಿ ಚಾಕು ಬಿದ್ದ ಸದ್ದು. ಎರಡೂ ಕೈ ಮೇಲೆತ್ತಿ ನಿಂತೆವು. ಕೈಗವಸಿನಿಂದ ನೀರು ಮೊಣಕೈಗೆ ಇಳಿದು ರವಿಕೆಯೊಳಗೆ ಸೇರುತ್ತಿತ್ತು. ಮೊಮ್ಮಕ್ಕಳನ್ನು ಕಂಡ ಹೆಂಗಸರು ನಾವು.

"ಓಡೆಲ್ ಬೆಟಿಸ್ ಯಾರು?"

"ನಾನೇ ಸಾರ್," ಎಂದ.

ತಿರುಗಿಸಿ ಗೋಡೆಗೆ ಒತ್ತಿದರು. ಒದ್ದೆ ಕೈಗವಸಿನ ಮೇಲೇ ಕೋಳ ಹಾಕಿದರು. ನಾನು ಕೇಳಿದೆ, "ಏನ್ ಮಾಡಿದ ಅಂತ?"

"ಒಹಾಯೊ ರಾಜ್ಯದಿಂದ ವಾರಂಟು. ಮಗುವಿಗೆ ಅನ್ನ ಹಾಕದೆ ಅಲ್ಲಿಂದ ತಪ್ಪಿಸ್ಕೊಂಡು ಬಂದಿದ್ದಾನೆ."

ಮೋಜೆಲ್ ಎತ್ತಿದ ಕೈ ಇಳಿಸಲಿಲ್ಲ. ಬಾಯನ್ನೂ ಮುಚ್ಚಲಿಲ್ಲ. "ಯಾವ ಮಗುನಪ್ಪಾ? ಆ ಮಗು ಈಗ ತಾನೇ ಇವನ ಕೈಲಿ ಗಂಜಿ ಕುಡ್ಕೊಂಡು ಶಾಲೆಗೆ ಹೋಯ್ತು!"

"ಅದನ್ನ ಕೋರ್ಟಲ್ಲಿ ಹೇಳಿ."

ಮಾಲೀಕ ಮಿಸ್ಟರ್ ಲಡ್ ತನ್ನ ಗಾಜಿನ ಕೋಣೆಯಿಂದ ಎಲ್ಲವನ್ನೂ ನೋಡಿದ. ಆಮೇಲೆ ಪರದೆ ಎಳೆದುಕೊಂಡ.

ಓಡೆಲ್ ಬಾಗಿಲ ಬಳಿ ಕತ್ತು ತಿರುಗಿಸಿ, "ಮಿಸ್ ಥೀಲಿ, ಮೂರು ಗಂಟೆಗೆ ಬಸ್ಸು," ಎಂದ. ಅಷ್ಟೇ.

* * *

ಲಟ್ರೀಸ್ ನನ್ನ ತಂಗಿಯ ಮಗಳು. ಕಿಯೋನಾಳ ತಾಯಿ. ಕೊಲ್ಲಿಯ ಆಚೆ ಎಣ್ಣೆ ಬಾವಿಯಲ್ಲಿ ಕೆಲಸ ಮಾಡಲು ಬಂದಿದ್ದ ಯಾರೋ ಒಬ್ಬ ಅವಳನ್ನು ಬಸಿರು ಮಾಡಿ ಹೋದ. ಅವನ ಊರು ಯಾವುದು ಎಂದು ಅವಳಿಗೂ ಗೊತ್ತಿರಲಿಲ್ಲ. ಓಡೆಲ್ ಆಗಲೇ ಅವಳ ಸುತ್ತ ಸುಳಿಯುತ್ತಿದ್ದ. ಹೊಟ್ಟೆ ಕಂಡ ಮೇಲೂ ಸುಳಿಯುವುದನ್ನು ಬಿಡಲಿಲ್ಲ. ಮೀನು ತಂದು ಕೊಡುತ್ತಿದ್ದ. ಬಾಗಿಲ ಕೀಲಿಗೆ ಎಣ್ಣೆ ಬಿಡುತ್ತಿದ್ದ.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ ಇದೆ. ಹುಟ್ಟಿದ ಮಗುವನ್ನು ಮೊದಲ ಭಾನುವಾರ ಎತ್ತಿಕೊಂಡು ಬಾಗಿಲಿನಿಂದ ಪಾದ್ರಿಯವರೆಗೆ ನಡೆದು ಬರುವವನೇ ಅದರ ಅಪ್ಪ. ಅವನು ನಡೆದ ಮೇಲೆ ಯಾರೂ ಯಾವುದನ್ನೂ ಕೇಳುವಂತಿಲ್ಲ. ಗಂಡಸರು ಎದ್ದು ನಿಲ್ಲುತ್ತಾರೆ. ಹೆಂಗಸರು ಹಾಡುತ್ತಾರೆ. ಕಿಯೋನಾಳನ್ನು ಎತ್ತಿಕೊಂಡು ನಡೆದವನು ಓಡೆಲ್. ಹೊಸ ಅಂಗಿ ಹಾಕಿದ್ದ, ಬೆಲೆಯ ಚೀಟಿ ಕೀಳಲು ಮರೆತಿದ್ದ.

ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ದಾದಿ ಕಾಗದ ಹಿಡಿದು ಬಂದು ಅಪ್ಪ ಯಾರು ಎಂದು ಕೇಳಿದಾಗ ಇವನೇ ಸಹಿ ಮಾಡಿದ್ದ. ಆ ಸಹಿ ಬೇರೆ, ಈ ನಡಿಗೆ ಬೇರೆ ಎಂದು ಅವನಿಗೆ ಅನಿಸಲಿಲ್ಲ. ನಮಗ್ಯಾರಿಗೂ ಅನಿಸಲಿಲ್ಲ.

ಮಗುವಿಗೆ ಎರಡು ತುಂಬುವಾಗ ಲಟ್ರೀಸ್ ಅದನ್ನೂ ಎತ್ತಿಕೊಂಡು ಒಹಾಯೊಗೆ ಹೋದಳು. ಅಲ್ಲಿ ಗೆಳತಿಯೊಬ್ಬಳು ಕೆಲಸ ಕೊಡಿಸುತ್ತೇನೆ ಎಂದಿದ್ದಳು. ಓಡೆಲ್‌ಗೂ ಅವಳಿಗೂ ಜಗಳವೇನೂ ಆಗಿರಲಿಲ್ಲ. ಅವನಿಗೆ ನೀರು ಬಿಟ್ಟು ಬದುಕಲು ಬರುತ್ತಿರಲಿಲ್ಲ, ಅವಳಿಗೆ ಸಿಂಪಿಯ ವಾಸನೆ ಸಾಕಾಗಿತ್ತು. ಕೆಲಸ ಸಿಕ್ಕಿತು. ಆಮೇಲೆ ಮೂತ್ರಪಿಂಡ ಕೆಟ್ಟಿತು, ಕೆಲಸ ಹೋಯಿತು. ಸರ್ಕಾರದ ನೆರವು ಕೇಳಿದಳು. ಅಪ್ಪ ಯಾರು ಎಂದು ಅಲ್ಲಿಯೂ ಕೇಳಿದರು. ಕಾಗದದಲ್ಲಿದ್ದ ಹೆಸರನ್ನೇ ಹೇಳಿದಳು. ಅಂದಿನಿಂದ ಅವಳಿಗೆ ಕೊಟ್ಟ ಒಂದೊಂದು ಡಾಲರೂ ಇವನ ತಲೆಯ ಮೇಲೆ ಸಾಲವಾಗಿ ಏರುತ್ತಾ ಹೋಯಿತು.

ಇವನೇನು ಸುಮ್ಮನಿದ್ದನೇ? ಸಿಂಪಿ ತುಂಬಿ ಉತ್ತರಕ್ಕೆ ಹೋಗುವ ಲಾರಿಯ ಚಾಲಕರ ಕೈಯಲ್ಲಿ ಕಳಿಸುತ್ತಿದ್ದ. ಚಳಿಗೆ ಕೋಟು, ಬೂಟು, ಮಂಜುಗಡ್ಡೆಯಲ್ಲಿಟ್ಟ ಸೀಗಡಿ, ಲಕೋಟೆಯಲ್ಲಿ ನೋಟು. ಎಲ್ಲ ಕೈಯಿಂದ ಕೈಗೆ. ನಾವು ಹಾಗೇ ಕೊಡುವವರು. ಸರ್ಕಾರದ ಲೆಕ್ಕದಲ್ಲಿ ಅದೆಲ್ಲ ಉಡುಗೊರೆಯಂತೆ. ಪೋಷಣೆಯಲ್ಲವಂತೆ.

ಲಟ್ರೀಸ್ ಸಾಯುವ ಮೊದಲು ಮಗುವನ್ನು ಅಂಥದೇ ಒಂದು ಲಾರಿಯಲ್ಲಿ ಕೂರಿಸಿ ಇವನ ಬಳಿ ಕಳಿಸಿದಳು. ಆಗ ಕಿಯೋನಾಳಿಗೆ ಏಳು. ಪೊಲೀಸರು ಬಂದಾಗ ಒಂಬತ್ತು.

ತಾಯಿ ಮಣ್ಣಿನಲ್ಲಿದ್ದಾಳೆ. ಮಗು ಅಪ್ಪನ ಮನೆಯಲ್ಲಿದೆ. ಹಾಗಾದರೆ ಇವನು ಸಾಲ ತೀರಿಸಬೇಕಾದದ್ದು ಯಾರಿಗೆ? ಸರ್ಕಾರಕ್ಕೆ. ಮಗುವನ್ನು ಸಾಕಿದ ಸಾಲಕ್ಕಾಗಿ ಮಗುವಿನಿಂದ ಅಪ್ಪನನ್ನು ಕಿತ್ತುಕೊಂಡು ಹೋಗಲು ಬಂದಿದ್ದರು.

* * *

ಬಡವರ ಪರವಾಗಿ ಸರ್ಕಾರ ಕೊಡುವ ವಕೀಲ ಹೋಲ್ಕಂ ಎಂಬ ಹುಡುಗ. ಒಳ್ಳೆಯವನು. ಶರ್ಟಿನ ಕಾಲರು ಸವೆದಿತ್ತು. ನಾನು ಅವನ ಮುಂದೆ ಕುಳಿತು ಇದ್ದದ್ದನ್ನೆಲ್ಲ ಹೇಳಿದೆ. ಮಗು ಓಡೆಲ್‌ನ ರಕ್ತವಲ್ಲ ಎಂದೂ ಹೇಳಿದೆ. ಹೇಳದೆ ಇನ್ನೇನು ಮಾಡಲಿ? ಮುಳುಗುವವನಿಗೆ ಹಗ್ಗ ಕಂಡರೆ ಅದು ಯಾರ ಹಗ್ಗ ಎಂದು ನಾನು ಕೇಳುವವಳಲ್ಲ.

ಹೋಲ್ಕಂ ಪೆನ್ನು ಕೆಳಗಿಟ್ಟ. "ಇದನ್ನ ಮೊದಲೇ ಹೇಳ್ಬಾರದಿತ್ತಾ ಮೇಡಂ?"

ಎರಡು ದಿನ ಫೋನಿನಲ್ಲಿ ಬಡಿದಾಡಿ ದಾರಿ ಕಂಡುಹಿಡಿದ. ಓಡೆಲ್ ಕೋರ್ಟಿನಲ್ಲಿ ನಿಂತು ಈ ಮಗು ನನ್ನದಲ್ಲ ಎನ್ನಬೇಕು, ರಕ್ತಪರೀಕ್ಷೆ ಕೇಳಬೇಕು. ಪರೀಕ್ಷೆ ಮುಗಿಯುವವರೆಗೆ ಅವನನ್ನು ಗಡಿ ದಾಟಿಸುವುದಿಲ್ಲ. ಅಲ್ಲ ಎಂದು ಬಂದರೆ ಕೇಸು ಕೈಬಿಡುತ್ತೇವೆ ಎಂದು ಒಹಾಯೊದ ಸರ್ಕಾರಿ ವಕೀಲರು ಬಾಯಿಮಾತು ಕೊಟ್ಟಿದ್ದರು.

ಜೈಲಿನಲ್ಲಿ ಗಾಜಿನ ಆಚೆ ಅವನು, ಈಚೆ ನಾನು. ನಡುವೆ ಒಂದು ಫೋನು.

"ಒಂದು ಮಾತು ಕಣೋ. ಬಾಯಿಂದ ಬರೋದು ಬರೀ ಗಾಳಿ. ಹೇಳಿ ಮನೆಗೆ ಬಾ."

"ಅವಳು ನನ್ನವಳಲ್ಲ ಅನ್ನಬೇಕಾ?"

"ಕೋರ್ಟಿಗೆ ಅನ್ನು. ಊರಲ್ಲಿ ಯಾರೂ ಅನ್ನಲ್ಲ."

"ಬರೆದಿಡ್ತಾರಲ್ಲ, ಮಿಸ್ ಥೀಲಿ."

"ಬರ್ಕೊಳ್ಳಲಿ. ಅವರ ಕಾಗದ ಅವರೇ ಓದ್ಕೊಳ್ಳಲಿ. ನಿನಗೆ ಮನೆಗೆ ಬರ್ಬೇಕಾ ಬೇಡ್ವಾ?"

ಅವನು ತನ್ನ ಕೈ ನೋಡಿಕೊಂಡ. ಬಿರಿದ ಚರ್ಮ ಒಣಗಿ ಬಿಳಿಯಾಗಿತ್ತು. "ಚರ್ಚಲ್ಲಿ ಎತ್ಕೊಂಡು ನಡೆದಿದ್ದೀನಲ್ಲ," ಎಂದ.

"ದೇವರಿಗೆ ನಾನು ಹೇಳ್ತೀನಿ ಬಿಡು. ಅವನಿಗೆ ನನ್ನ ಪರಿಚಯ ಇದೆ."

ಆಗ ಸ್ವಲ್ಪ ನಕ್ಕ. ಆಮೇಲೆ ತಲೆಯಾಡಿಸಿದ. "ಆಯ್ತು. ಹೇಳ್ತೀನಿ. ಆದ್ರೆ ಅವಳಿಗೆ ಗೊತ್ತಾಗಬಾರದು. ಯಾವತ್ತೂ."

"ನನ್ನ ನಾಲಿಗೆ ಬಿದ್ದುಹೋದ್ರೂ ಗೊತ್ತಾಗಲ್ಲ."

* * *

ಕೋರ್ಟಿನ ದಿನ ಬೆಳಿಗ್ಗೆ ಶಾಲೆಯಿಂದ ಫೋನು ಬಂತು. ಕಿಯೋನಾಳಿಗೆ ಕಿವಿನೋವು, ಜ್ವರ, ಬಂದು ಕರೆದುಕೊಂಡು ಹೋಗಿ ಎಂದರು. ಅಷ್ಟು ಹೊತ್ತಿಗೆ ಊರಿನ ಹೆಂಗಸರೆಲ್ಲ ಶೆಡ್ಡಿನಲ್ಲಿದ್ದರು. ಹುಡುಗಿಯನ್ನು ಜೊತೆಯಲ್ಲೇ ಕರೆದುಕೊಂಡು ಕೋರ್ಟಿಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಹೋಗುವುದು ಎಂದುಕೊಂಡಿದ್ದೆ. ಸಾಕ್ಷಿ ಹೇಳಲು ನಾನು ಒಳಗಿರಲೇಬೇಕು ಎಂದು ಹೋಲ್ಕಂ ಹೇಳಿದ್ದ.

ಬಾಗಿಲಲ್ಲಿದ್ದ ಕಾವಲಿನವನು ಕೈ ಅಡ್ಡ ಹಿಡಿದ. "ಮಕ್ಕಳನ್ನ ಒಂಟಿಯಾಗಿ ಹೊರಗೆ ಬಿಡಂಗಿಲ್ಲಮ್ಮ. ಒಳಗಾದ್ರೆ ಇಬ್ಬರೂ, ಹೊರಗಾದ್ರೆ ಇಬ್ಬರೂ."

"ಹತ್ತು ನಿಮಿಷ ನೋಡ್ಕೊಳಪ್ಪಾ. ಜ್ವರ ಬಂದಿರೋ ಕೂಸು."

"ನಾನಿರೋದು ಬಾಗಿಲು ನೋಡ್ಕೊಳ್ಳೋಕೆ."

ಒಳಗೆ ಹೋದೆವು. ಹಿಂದಿನ ಸಾಲಿನಲ್ಲಿ ಅವಳ ಮುಂದೆ ನನ್ನ ದೊಡ್ಡ ಮೈ ಅಡ್ಡ ಇಟ್ಟುಕೊಂಡು ಕುಳಿತೆ. ಅವಳು ನನ್ನ ತೋಳಿನ ಕೆಳಗಿಂದ ಇಣುಕಿದಳು.

"ಆಂಟಿ, ಅಪ್ಪ ಯಾಕೆ ಕಿತ್ತಳೆ ಬಟ್ಟೆ ಹಾಕ್ಕೊಂಡಿದಾನೆ?"

"ಇಲ್ಲಿ ಎಲ್ಲರಿಗೂ ಅದನ್ನೇ ಕೊಡ್ತಾರೆ ಚಿನ್ನ."

ಅವಳ ದನಿ ಕೇಳಿ ಓಡೆಲ್ ತಿರುಗಿದ. ಅವಳನ್ನು ಕಂಡ. ನನ್ನನ್ನು ನೋಡಿದ. ನಾನು ಹಾಗೆ ಯಾರಿಂದಲೂ ನೋಡಿಸಿಕೊಂಡಿಲ್ಲ.

ನ್ಯಾಯಾಧೀಶರು ವಯಸ್ಸಾದವರು. ಇನ್ನೂ ಎಷ್ಟು ಕೇಸಿದೆ ಎಂದು ಗುಮಾಸ್ತನನ್ನು ಕೇಳುತ್ತಿದ್ದರು. ಹೋಲ್ಕಂ ಎದ್ದು ನಿಂತ. "ಮಾನ್ಯರೇ, ಆ ಮಗುವಿನ ವಿಷಯದಲ್ಲಿ ನನ್ನ ಕಕ್ಷಿದಾರರು ಒಂದು ಮಾತು..."

ಓಡೆಲ್ ಎರಡೂ ಕೈಯಿಂದ ಅವನ ಕೋಟಿನ ತುದಿ ಹಿಡಿದೆಳೆದ. ಕೋಳ ಹಾಕಿದ್ದರಿಂದ ಎರಡೂ ಕೈಯಿಂದಲೇ ಎಳೆಯಬೇಕಿತ್ತು. ಸರಪಳಿ ಮೇಜಿಗೆ ಬಡಿಯಿತು.

"ಬೇಡ ಸಾರ್. ಕೂತ್ಕೊಳ್ಳಿ."

"ಮಿಸ್ಟರ್ ಬೆಟಿಸ್, ಮಾತಾಡಿಕೊಂಡಿದ್ದೆವಲ್ಲ..." ಹೋಲ್ಕಂ ಪಿಸುಗುಟ್ಟಿದ.

"ಕೂತ್ಕೊಳ್ಳಿ ಅಂದೆ."

ನ್ಯಾಯಾಧೀಶರು ಕನ್ನಡಕ ತೆಗೆದರು. "ಮಗುವಿನ ವಿಷಯದಲ್ಲಿ ಏನು?"

ಓಡೆಲ್ ಎದ್ದು ನಿಂತ. "ಏನೂ ಇಲ್ಲ, ಸಾರ್. ಅವಳು ನನ್ನ ಮಗಳು. ಅಗೋ, ಹಿಂದೆ ನೀಲಿ ಸ್ವೆಟರ್ ಹಾಕ್ಕೊಂಡು ಕೂತಿದಾಳಲ್ಲ, ಅವಳೇ."

ಎಲ್ಲರೂ ತಿರುಗಿ ನೋಡಿದರು. ಕಿಯೋನಾ ನನ್ನ ತೋಳು ಸರಿಸಿ, ತರಗತಿಯಲ್ಲಿ ಹಾಜರಿ ಕೂಗಿದಾಗ ಎತ್ತುವಂತೆ ಕೈ ಎತ್ತಿದಳು.

"ಅಂದರೆ ಈ ವಾರಂಟಿನಲ್ಲಿ ಹೇಳಿರುವ ಓಡೆಲ್ ಬೆಟಿಸ್ ನೀವೇ?"

"ನಾನೇ."

ಅವರು ಕೇಳಬೇಕಾಗಿದ್ದದ್ದು ಅಷ್ಟೇ. ಪೆನ್ನು ಎತ್ತಿಕೊಂಡರು. ಓಡೆಲ್ ಕುಳಿತುಕೊಳ್ಳಲಿಲ್ಲ.

"ಸಾರ್, ಒಂದು ಕೇಳ್ತೀನಿ. ಒಹಾಯೊದಿಂದ ಓಡಿಹೋದವನು ಅಂತ ಇದರಲ್ಲಿ ಬರೆದಿದ್ದಾರೆ. ನಾನು ಒಹಾಯೊ ನೋಡೇ ಇಲ್ಲ. ಅದು ಉತ್ತರಕ್ಕಿದೆ ಅನ್ನೋದು ಬಿಟ್ರೆ ನನಗೇನೂ ಗೊತ್ತಿಲ್ಲ. ಕಾಲೇ ಇಡದ ಊರಿಂದ ಮನುಷ್ಯ ಹೆಂಗೆ ಓಡಿಹೋಗ್ತಾನೆ?"

ಯಾರೋ ನಕ್ಕರು. ಇನ್ನೊಬ್ಬರೂ ನಕ್ಕರು. ನ್ಯಾಯಾಧೀಶರೂ ತುಟಿ ಬಿಗಿಹಿಡಿದರು. "ಇಂಥ ಕೇಸಿನಲ್ಲಿ ನೀವು ಅಲ್ಲಿ ಇದ್ದಿರಬೇಕೆಂದು ಕಾನೂನು ಕೇಳುವುದಿಲ್ಲ, ಮಿಸ್ಟರ್ ಬೆಟಿಸ್."

"ಮಗಳು ಇಲ್ಲೇ ಇದಾಳೆ ಅನ್ನೋದನ್ನಾದ್ರೂ ಕೇಳುತ್ತಾ?"

"ಅದನ್ನು ಅಲ್ಲಿಯ ಕೋರ್ಟಿಗೆ ಹೇಳಿ."

ಅವನನ್ನು ಒಹಾಯೊಗೆ ಒಪ್ಪಿಸುವ ಕಾಗದಕ್ಕೆ ಸಹಿ ಬಿತ್ತು.

ಹೊರಗೆ ಹೋಲ್ಕಂ ಗೋಡೆಗೆ ಒರಗಿ ನಿಂತಿದ್ದ. "ಒಂದು ಮಾತು, ಮೇಡಂ. ಒಂದೇ ಒಂದು ಮಾತು ಬೇಕಾಗಿತ್ತು."

ನನಗೂ ಸಿಟ್ಟು ಬಂದಿತ್ತು. ಓಡೆಲ್‌ನ ಮೇಲೆ, ಬಾಗಿಲು ಕಾಯುವವನ ಮೇಲೆ, ಶಾಲೆಯ ಮೇಲೆ, ಕಿವಿಯ ಮೇಲೆ. ಆ ಕೂಸು ಅಲ್ಲಿರದಿದ್ದರೆ ಅವನು ಹೇಳುತ್ತಿದ್ದನೇ? ಈಗಲೂ ಸಿಂಪಿ ಬಿಡಿಸುತ್ತಾ ಯೋಚಿಸುತ್ತೇನೆ. ಹೇಳುತ್ತಿದ್ದ ಎಂದು ಕೆಲವು ದಿನ ಅನಿಸುತ್ತದೆ.

* * *

ಜೈಲಿನ ಹಿಂದಿನ ಗೇಟಿಗೆ ವ್ಯಾನು ಬರುತ್ತದೆ ಎಂದು ಮೋಜೆಲ್‌ಳ ಅಳಿಯ ತಿಳಿದುಕೊಂಡು ಬಂದು ಹೇಳಿದ. ನಾನೂ ಕಿಯೋನಾಳೂ ಹೋಗಿ ಬೇಲಿಯ ಹೊರಗೆ ನಿಂತೆವು. ಸರ್ಕಾರದ ವ್ಯಾನಲ್ಲ. ಕೈದಿಗಳನ್ನು ಸಾಗಿಸುವುದನ್ನೇ ವ್ಯಾಪಾರ ಮಾಡಿಕೊಂಡ ಯಾವುದೋ ಕಂಪನಿಯದು. ಕಿಟಕಿಗಳಿಗೆ ಒಳಗಿನಿಂದ ತಗಡು ಬಡಿದಿದ್ದರು.

ಅವನ ಸೊಂಟಕ್ಕೆ ಸರಪಳಿ ಸುತ್ತಿ, ಕೈಗಳನ್ನು ಅದಕ್ಕೆ ಬಿಗಿದು, ಅಲ್ಲಿಂದ ಕಾಲಿಗೆ ಇನ್ನೊಂದು ಸರಪಳಿ ಇಳಿಬಿಟ್ಟಿದ್ದರು. ಕೋಳಿಯ ಹೆಜ್ಜೆ ಹಾಕುತ್ತಾ ಬಂದ. ಎರಡಾಳು ಉದ್ದದ ಇಕ್ಕಳ ಎತ್ತಿದವನು ವ್ಯಾನಿನ ಮೆಟ್ಟಿಲಿಗೆ ಕಾಲೆತ್ತಲು ಆಗದೆ ನಿಂತ.

"ಆ ಕಡೆ ತಿರುಗು, ಚಿನ್ನಾ," ಎಂದು ಬೇಲಿಯ ಕಡೆ ಕೂಗಿದ. "ನೋಡಬೇಡ."

"ನೋಡ್ತೀನಿ," ಎಂದಳು.

"ಅಪ್ಪ ಹೇಳ್ತಿದೀನಿ, ತಿರುಗು."

"ಇಲ್ಲ. ನೋಡ್ತೀನಿ."

ಕಾವಲಿನವನೊಬ್ಬ ಅವನ ಕಂಕುಳಿಗೆ ಕೈ ಹಾಕಿ ಮೂಟೆಯಂತೆ ಒಳಗೆ ತಳ್ಳಿದ. ನಾನು ಕೇಳಿದೆ, "ಯಾವಾಗ ತಲುಪ್ತಾನಪ್ಪಾ?"

"ದಾರೀಲಿ ಇನ್ನೂ ಸುಮಾರು ಜನ ಹತ್ತೋರಿದ್ದಾರೆ. ಆದಾಗ ಆಗುತ್ತೆ."

ಒಹಾಯೊ ಉತ್ತರಕ್ಕಿದೆ. ವ್ಯಾನು ಪಶ್ಚಿಮಕ್ಕೆ ತಿರುಗಿತು. ಯಾವುದೋ ರಾಜ್ಯದಿಂದ ಒಬ್ಬನನ್ನು ಹತ್ತಿಸಿ, ಇನ್ನಾವುದೋ ರಾಜ್ಯದಲ್ಲಿ ಒಬ್ಬನನ್ನು ಇಳಿಸಿ, ಅಂಚೆಯ ಪೊಟ್ಟಣಗಳನ್ನು ಹಂಚುವಂತೆ ದೇಶವೆಲ್ಲ ಸುತ್ತಿತು. ಒಂದು ವಾರ. ಕೂತಲ್ಲೇ ನಿದ್ದೆ. ಉಚ್ಚೆಗೆ ಬಾಟಲಿ. ಕಟ್ಟಿದ ಕೈಯಲ್ಲಿ ಬಾಟಲಿ ಹಿಡಿಯಲಾಗದವನು ಪಕ್ಕದವನ ಕೈಲಿ ಹಿಡಿಸಿಕೊಳ್ಳಬೇಕು. ವ್ಯಾನಿನೊಳಗಿನ ತಂತಿ ಬಲೆಯ ಆಚೆ ಒಬ್ಬ ಹೆಂಗಸಿದ್ದಳಂತೆ. ನಿಲ್ಲಿಸಿ, ನಿಲ್ಲಿಸಿ ಎಂದು ಅಂಗಲಾಚಿದಳಂತೆ. ಚಾಲಕ ರೇಡಿಯೋದ ಸದ್ದು ಹೆಚ್ಚು ಮಾಡಿದನಂತೆ. ಗಂಡಸರೆಲ್ಲ ಬೇರೆ ಕಡೆ ನೋಡುತ್ತಾ ಜೋರಾಗಿ ಕೆಮ್ಮಿದರಂತೆ, ಅವಳಿಗೆ ನಾಚಿಕೆಯಾಗದಿರಲಿ ಎಂದು. ಇದೊಂದನ್ನು ಫೋನಿನಲ್ಲಿ ಹೇಳುವಾಗ ಓಡೆಲ್ ಅತ್ತ. ತನ್ನ ಮಣಿಕಟ್ಟು ಕೀವು ಕಟ್ಟಿದ್ದನ್ನು ಅವನು ಹೇಳಲಿಲ್ಲ. ಅದನ್ನು ಆಮೇಲೆ ಇನ್ನೊಬ್ಬರಿಂದ ಕೇಳಿದೆ.

ಅಲ್ಲಿ ಆರು ತಿಂಗಳು ಹಾಕಿದರು. ಬಿಡುಗಡೆಯಾದ ಮೇಲೆ ಸಾಲ ತೀರುವವರೆಗೆ ಒಹಾಯೊ ಬಿಟ್ಟು ಹೊರಗೆ ಹೋಗುವಂತಿಲ್ಲ ಎಂದರು. ಕರೆದೊಯ್ದ ವ್ಯಾನಿನ ಖರ್ಚನ್ನೂ ಆ ಸಾಲಕ್ಕೇ ಸೇರಿಸಿದರು. ಇದನ್ನು ಶೆಡ್ಡಿನಲ್ಲಿ ಹೇಳಿದಾಗ ಮೋಜೆಲ್ ಕೂಡ ತಮಾಷೆ ಮಾಡಲಿಲ್ಲ. ಚಾಕು ಕಟ್ಟೆಯ ಮೇಲಿಟ್ಟು, ಕೈಗವಸು ಕಳಚಿ, ಹೊರಗೆ ಹೋಗಿ ನಿಂತುಕೊಂಡಳು.

* * *

ಅಲ್ಲಿಯವರೆಗೆ ರಾತ್ರಿ ನಾನೇ ಅವರ ಮನೆಗೆ ಹೋಗಿ ಮಲಗುತ್ತಿದ್ದೆ; ವ್ಯಾನು ಹೋದ ಮೇಲೆ ಕಿಯೋನಾ ನನ್ನ ಮನೆಗೆ ಬಂದಳು. ತನ್ನ ದಿಂಬು ತಾನೇ ಹೊತ್ತುಕೊಂಡು ಬಂದಳು. ನನಗೆ ಜಡೆ ಹಾಕಲು ಬರುವುದಿಲ್ಲ, ಬೆರಳು ಬಗ್ಗುವುದಿಲ್ಲ. "ಪರವಾಗಿಲ್ಲ ಆಂಟಿ," ಎಂದು ಕೂದಲನ್ನು ರಬ್ಬರಿನಲ್ಲಿ ಕಟ್ಟಿಕೊಂಡಳು. ಬೆಂಡೆಕಾಯಿ ಸಾರು ಮಾಡಿದರೆ ತಿನ್ನುತ್ತಿದ್ದಳು. ಬೇರೇನು ಮಾಡಿದರೂ ಅಪ್ಪನದು ಹೀಗಿರಲ್ಲ ಎನ್ನುತ್ತಿದ್ದಳು. ಭಾನುವಾರ ಫೋನು ಬಂದರೆ ಎರಡು ಕೈಯಲ್ಲೂ ಹಿಡಿದುಕೊಂಡು, ಯಾರೂ ಕೇಳದಂತೆ ಬೀರುವಿನ ಹಿಂದೆ ಕೂತು ಮಾತಾಡುತ್ತಿದ್ದಳು.

ಕಿವಿ ವಾಸಿಯಾಗಲಿಲ್ಲ. ಬೆಚ್ಚಗಿನ ಎಣ್ಣೆ ಬಿಟ್ಟೆ, ಉಪ್ಪಿನ ಶಾಖ ಕೊಟ್ಟೆ. ದಿಂಬಿನ ಮೇಲೆ ಹಳದಿ ಕಲೆ ಬೀಳತೊಡಗಿತು. ಕರೆದರೆ ಓಗೊಡುತ್ತಿರಲಿಲ್ಲ. ಶಾಲೆಯ ದಾದಿ, "ಬೇಗ ತೋರಿಸಿ, ಕಿವುಡಾದಾಳು," ಎಂದಳು. ನೆರವಿನ ಕಚೇರಿಗೆ ಹೋಗಿ, ತಾಯಿಯಿಲ್ಲದ ಮಗು, ನೀವು ಸಾಕುತ್ತಿದ್ದೀರಿ, ತಿಂಗಳ ದುಡ್ಡೂ ಸಿಗುತ್ತದೆ, ಔಷಧಿಯ ಕಾರ್ಡೂ ಸಿಗುತ್ತದೆ ಎಂದು ಅವಳೇ ಹೇಳಿದಳು.

ಹೋದೆವು. ಕಿಟಕಿಯಲ್ಲಿದ್ದ ಹುಡುಗಿ ನಮ್ಮವಳೇ. ಉಗುರಿಗೆ ನೇರಳೆ ಬಣ್ಣ, ಮಾತು ಮೆತ್ತಗೆ. ಕಿಯೋನಾಳಿಗೆ ಪೆಪ್ಪರಮೆಂಟು ಕೊಟ್ಟಳು. ಎಲ್ಲವನ್ನೂ ಕೇಳಿ ಬರೆದುಕೊಂಡಳು. ತಾಯಿ? ತೀರಿಕೊಂಡಳು. ನೀವೇನಾಗಬೇಕು? ದೊಡ್ಡಮ್ಮ, ತಾಯಿಯ ದೊಡ್ಡಮ್ಮ.

"ತಂದೆ ಹೆಸರು?"

ನಾನು ಕೈಚೀಲದ ಬಾಯಿ ಬಿಗಿದೆ.

"ತಂದೆ ಹೆಸರು ಹೇಳಿ, ಆಂಟಿ."

"ಅದ್ಯಾಕಮ್ಮ?"

"ಬೇಕಾಗುತ್ತೆ. ಅದಿಲ್ದಿದ್ರೆ ಅರ್ಜಿ ಮುಂದಕ್ಕೆ ಹೋಗಲ್ಲ."

"ಕೊಟ್ರೆ ಏನ್ ಮಾಡ್ತೀರಿ?"

"ನಾವು ಈ ಮಗೂಗೆ ಏನು ಕೊಡ್ತೀವೋ ಅದನ್ನ ಅವರಿಂದ ವಸೂಲಿ ಮಾಡ್ತೀವಿ. ಎಲ್ಲರಿಗೂ ಅದೇ ನಿಯಮ."

"ಜೈಲಲ್ಲಿದ್ರೆ?"

"ಲೆಕ್ಕ ಏರ್ತಾ ಇರುತ್ತೆ. ಹೊರಗೆ ಬಂದ ಮೇಲೆ ಕಟ್ತಾರೆ."

ಒಂದು ರಾಜ್ಯ ಹಿಡಿದು ಕೂರಿಸಿದೆ. ಇನ್ನೊಂದು ಹಗ್ಗ ಹೊಸೆಯುತ್ತಾ ಕುಳಿತಿದೆ. ಅಲ್ಲಿಂದ ಬಿಟ್ಟ ದಿನ ಇಲ್ಲಿಗೆ ಎಳೆದು ತರಲು ಅದೇ ತಗಡು ಬಡಿದ ವ್ಯಾನು.

"ಹೆಸರು ಗೊತ್ತಿಲ್ಲ ಅಂತ ಬರ್ಕೊಮ್ಮ," ಎಂದೆ.

ಹುಡುಗಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಕಿಟಕಿಯಿಂದ ಬಗ್ಗಿ, ಕಿಯೋನಾಳ ಕಡೆ ನಕ್ಕಳು. ಕೆಟ್ಟ ಬುದ್ಧಿಯಿಂದಲ್ಲ. ಮಗುವಿನ ಕಿವಿಗೆ ಔಷಧಿ ಸಿಗಲಿ ಎಂದೇ.

"ನೀನು ಹೇಳು ಪುಟ್ಟಾ. ನಿಮ್ಮಪ್ಪನ ಹೆಸರೇನು?"

ಕಿಯೋನಾ ನೆಟ್ಟಗೆ ನಿಂತಳು. ಪೆಪ್ಪರಮೆಂಟನ್ನು ಕೆನ್ನೆಯ ಒಂದು ಬದಿಗೆ ತಳ್ಳಿದಳು. ಆ ಪ್ರಶ್ನೆ ಅವಳಿಗೆ ಚೆನ್ನಾಗಿ ಕೇಳಿಸಿತ್ತು. ಉತ್ತರವೂ ಗೊತ್ತಿತ್ತು. ಕೋರ್ಟು ತುಂಬ ಜನರೆದುರು ಒಬ್ಬ ಮನುಷ್ಯ ಎದ್ದು ನಿಂತು ಇವಳು ನನ್ನ ಮಗಳು ಎಂದದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಬಾಯಿ ತೆರೆದಳು.

ನಾನು ಅವಳ ಬಾಯಿ ಮುಚ್ಚಿದೆ. ಬಿರಿದ, ಒರಟು, ಸಿಂಪಿಯ ವಾಸನೆಯ ಕೈಯಿಂದ ಗಟ್ಟಿಯಾಗಿ ಮುಚ್ಚಿದೆ. ಅವಳ ಹಲ್ಲು ನನ್ನ ಅಂಗೈಗೆ ತಾಗಿತು.

"ನಮಗೆ ನಿಮ್ಮ ಕಾರ್ಡು ಬೇಡಮ್ಮ," ಎಂದೆ.

"ಆಂಟಿ, ಕಿವಿ..."

"ಬೇಡ ಅಂದೆನಲ್ಲ. ಹರಿದು ಹಾಕು ಅದನ್ನ."

ಅವಳು ಹರಿಯಲಿಲ್ಲ. ನಾನೇ ಕಿಟಕಿಯೊಳಗೆ ಕೈ ಹಾಕಿ ಎಳೆದುಕೊಂಡು ನಾಲ್ಕು ಚೂರು ಮಾಡಿ ಅಲ್ಲೇ ಇಟ್ಟೆ. ಹಿಂದೆ ಕುರ್ಚಿಗಳಲ್ಲಿ ಕಾಯುತ್ತಿದ್ದ ಹೆಂಗಸರು ತಲೆಯೆತ್ತಿದರು. ಅವರಲ್ಲೊಬ್ಬಳು, ಮಡಿಲಲ್ಲಿ ಎಳೆಮಗುವಿದ್ದವಳು, ತನ್ನ ಕೈಯಲ್ಲಿದ್ದ ಅರ್ಜಿಯನ್ನು ನೋಡಿಕೊಂಡಳು.

ಇಲ್ಲ, ಕಿವಿಯನ್ನು ಹಾಗೇ ಬಿಡಲಿಲ್ಲ. ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ಬಿಲ್ಲನ್ನು ನನ್ನ ಹೆಸರಿಗೆ ಬರೆಯಿರಿ ಎಂದೆ. ಒಥೀಲಿಯಾಳನ್ನು ಹಿಡಿಯಲು ಯಾವ ರಾಜ್ಯ ವ್ಯಾನು ಕಳಿಸುತ್ತದೋ ಕಳಿಸಲಿ. ಕೀವು ತೆಗೆದರು. ಎಡಗಿವಿಯ ಕೇಳುವ ಶಕ್ತಿ ಪೂರ್ತಿ ಉಳಿಯಲಿಲ್ಲ, ಅರ್ಧ ಉಳಿಯಿತು.

ಬಸ್ಸಿಗೆ ಕಾಯುವಾಗ ಅವಳ ಒಳ್ಳೆಯ ಕಿವಿಯ ಕಡೆ ಬಗ್ಗಿದೆ. "ಆ ಕಿಟಕಿಯವರಿಗೆ ಹೇಳಬಾರದು ಅಷ್ಟೇ, ಚಿನ್ನ. ಬೇರೆ ಎಲ್ಲಾ ಕಡೆ ಹೇಳ್ಬಹುದು. ಈಗ ಹೇಳು. ಕೂಗಿ ಹೇಳು."

ಅವಳು ರಸ್ತೆ ನೋಡುತ್ತಾ ನಿಂತಳು.

"ಹೇಳಮ್ಮ. ನಿಮ್ಮಪ್ಪನ ಹೆಸರೇನು?"

ಹೇಳಲಿಲ್ಲ. ಮನೆಗೆ ಬಂದ ಮೇಲೂ ಹೇಳಲಿಲ್ಲ. ಈಗ ಹೊಸ ಮೇಷ್ಟ್ರಾಗಲಿ, ಚರ್ಚಿಗೆ ಬಂದ ನೆಂಟರಾಗಲಿ, ಅಂಗಡಿಯವನಾಗಲಿ, ಯಾರ ಮಗಳಮ್ಮಾ ನೀನು ಎಂದು ಕೇಳಿದರೆ ಅವಳು ತುಟಿ ಬಿಗಿಹಿಡಿದು ಮೊದಲು ನನ್ನ ಕೈ ಎಲ್ಲಿದೆ ಎಂದು ನೋಡುತ್ತಾಳೆ.